ಹಸುಗೂಸಿನ ಉಸಿರಿಗೆ ಕಾನೂನು ಒಂದು ಕಿಂಡಿ ತೆರೆಯಲಿ

ಮನುಷ್ಯನ ಇಡೀ ಆಯುಷ್ಯದಲ್ಲಿ ಅತ್ಯಂತ ಅಪಾಯಕಾರಿಯಾದ ಕಾಲ ಹುಟ್ಟಿದ ಮೊದಲ ಕೆಲವು ಗಂಟೆಗಳು. ಗರ್ಭದಲ್ಲಿ ದ್ರವ ತುಂಬಿಕೊಂಡಿದ್ದ ಶ್ವಾಸಕೋಶ ಕೆಲವೇ ನಿಮಿಷಗಳಲ್ಲಿ ಗಾಳಿಯನ್ನು ತುಂಬಿಕೊಳ್ಳಬೇಕು. ಬಹುಪಾಲು ಶಿಶುಗಳಲ್ಲಿ ಈ ಪಲ್ಲಟ ಯಾರ ನೆರವೂ ಇಲ್ಲದೆ ನಡೆದುಹೋಗುತ್ತದೆ. ಕೆಲವು ಶಿಶುಗಳಲ್ಲಿ ಮಾತ್ರ ಉಸಿರಾಟ ನಿಮಿಷಕ್ಕೆ 60ನ್ನು ಮೀರುತ್ತದೆ. ಮೂಗಿನ ಹೊಳ್ಳೆಗಳು ಅರಳುತ್ತವೆ. ಪಕ್ಕೆಲುಬುಗಳ ನಡುವೆ ಎದೆ ಒಳಸೇದುತ್ತದೆ. ಪ್ರತಿ ನಿಶ್ವಾಸದೊಂದಿಗೆ ನರಳುವ ಸದ್ದು ಕೇಳಿಸುತ್ತದೆ. ಆಗ ವೈದ್ಯರ ಮುಂದಿರುವ ಪ್ರಶ್ನೆ ಒಂದೇ: ಕಾರಣವೇನು? ಮಗುವನ್ನು ಮಲಗಿದಲ್ಲಿಂದ ಕದಲಿಸದೆ, ವಿಕಿರಣದ ಸೋಂಕಿಲ್ಲದೆ, ಕೆಲವೇ ನಿಮಿಷಗಳಲ್ಲಿ ಈ ಪ್ರಶ್ನೆಗೆ ಉತ್ತರ ನೀಡಬಲ್ಲ ಉಪಕರಣವೊಂದಿದೆ. ಅದು ನಮಗೆಲ್ಲ ಪರಿಚಿತವಾದ ಅಲ್ಟ್ರಾಸೌಂಡ್ ಯಂತ್ರ.

ಈ ಯಂತ್ರ ನಮ್ಮ ಊರಿಗೆ ಹೊಸದಲ್ಲ. ವಿಪ್ರೊ ಮತ್ತು ಜನರಲ್ ಎಲೆಕ್ಟ್ರಿಕ್ ಸಂಸ್ಥೆಗಳ ಜಂಟಿ ಉದ್ಯಮ 1990ರಲ್ಲಿ ಆರಂಭವಾಯಿತು. ವೈಟ್‌ಫೀಲ್ಡಿನ ಕಾಡುಗೋಡಿ ಕೈಗಾರಿಕಾ ಪ್ರದೇಶ ಅದರ ನೆಲೆ. 2022ರ ಮಾರ್ಚಿನಲ್ಲಿ ಕೇಂದ್ರದ ಉತ್ಪಾದನಾ ಪ್ರೋತ್ಸಾಹ ಯೋಜನೆಯಡಿ ಅಲ್ಲಿ ಉದ್ಘಾಟನೆಗೊಂಡ ಹೊಸ ಕಾರ್ಖಾನೆಯ ಉತ್ಪನ್ನಗಳ ಪಟ್ಟಿಯಲ್ಲಿ ಅಲ್ಟ್ರಾಸೌಂಡ್ ಯಂತ್ರವೂ ಇತ್ತು. ಹಸುಗೂಸುಗಳನ್ನು ಬೆಚ್ಚಗಿಡುವ ಅಗ್ಗದ ವಾರ್ಮರ್ ರೂಪುಗೊಂಡದ್ದು ಇದೇ ಊರಿನಲ್ಲಿ. ಉಸಿರಾಟದ ತೊಂದರೆಯಿರುವ ಶಿಶುವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಬಳಸಬಹುದಾದ ‘ಸಾನ್ಸ್’ ಎಂಬ ಸಾಧನವನ್ನು ಸಿದ್ಧಪಡಿಸಿ 2019ರಲ್ಲಿ ಕಾಮನ್‌ವೆಲ್ತ್ ಪ್ರಶಸ್ತಿ ಪಡೆದವರೂ ಬೆಂಗಳೂರಿನ ಎಂಜಿನಿಯರರೇ. ತಂತ್ರಜ್ಞಾನದ ಮಟ್ಟಿಗೆ ನಾವು ಯಾರಿಗೂ ಕಡಿಮೆಯಿಲ್ಲ. ಆದರೆ ದೀಪದ ಬುಡದಲ್ಲಿ ಕತ್ತಲು ಎಂಬ ಮಾತು ಈ ಹೊರವಲಯಕ್ಕೆ ಚೆನ್ನಾಗಿ ಒಪ್ಪುತ್ತದೆ.

ಪೀಣ್ಯದ ಯಂತ್ರಾಗಾರಗಳು, ಬೊಮ್ಮಸಂದ್ರ ಮತ್ತು ಜಿಗಣಿಯ ಕಾರ್ಖಾನೆಗಳು, ವೈಟ್‌ಫೀಲ್ಡಿನ ಗಗನಚುಂಬಿ ಕಟ್ಟಡಗಳ ನಿರ್ಮಾಣ ಸ್ಥಳಗಳು, ಸಿದ್ಧ ಉಡುಪಿನ ಘಟಕಗಳು ಈ ಎಲ್ಲವನ್ನೂ ನಡೆಸುತ್ತಿರುವವರು ರಾಯಚೂರು, ಕಲಬುರ್ಗಿಯಿಂದ ಹಿಡಿದು ಒಡಿಶಾ, ಬಿಹಾರಗಳವರೆಗಿನ ವಲಸಿಗ ಕುಟುಂಬಗಳು. ಅವರ ಹೆರಿಗೆಗಳಲ್ಲಿ ಬಹಳಷ್ಟು ನಡೆಯುವುದು ತಾಲ್ಲೂಕು ಆಸ್ಪತ್ರೆಗಳಲ್ಲಿ, ಸಣ್ಣ ನರ್ಸಿಂಗ್ ಹೋಂಗಳಲ್ಲಿ. ವೇತನಪಟ್ಟಿಯಲ್ಲಿ ಹೆಸರಿರುವ ಕಾರ್ಮಿಕನಿಗೆ ಇಎಸ್‌ಐ ಆಸರೆಯಿದೆ. ಪೀಣ್ಯದಲ್ಲೇ ನಿಗಮದ ಆಸ್ಪತ್ರೆಯಿದೆ. ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ದುಡಿಯುವವನ ಹೆಸರು ಆ ಪಟ್ಟಿಯಲ್ಲಿ ಅನೇಕ ವೇಳೆ ಇರುವುದೇ ಇಲ್ಲ. ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ, ಒಂದೇ ಬಗೆಯ ಸಂಕಟದೊಂದಿಗೆ ಹುಟ್ಟಿದ ಎರಡು ಮಕ್ಕಳಲ್ಲಿ ಒಂದಕ್ಕೆ ಕಾರ್ಪೊರೇಟ್ ಆಸ್ಪತ್ರೆಯ ತೀವ್ರ ನಿಗಾ ಘಟಕ ದೊರೆತರೆ, ಇನ್ನೊಂದಕ್ಕೆ ದೊರೆಯುವುದು ‘ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ’ ಎಂಬ ಚೀಟಿ.

ಆ ಚೀಟಿಯ ಬೆಲೆ ಅರಿಯಬೇಕಾದರೆ ಹೊಸೂರು ರಸ್ತೆಯನ್ನೊಮ್ಮೆ ನೆನೆಯಬೇಕು. ಆನೇಕಲ್‌ನಿಂದ ವಾಣಿವಿಲಾಸ ಆಸ್ಪತ್ರೆಗೆ ಸುಮಾರು 35 ಕಿಲೊಮೀಟರ್. ಮೆಟ್ರೊ ರೈಲು ವೈಟ್‌ಫೀಲ್ಡಿಗೆ 2023ರಲ್ಲಿ, ಬೊಮ್ಮಸಂದ್ರಕ್ಕೆ 2025ರಲ್ಲಿ ತಲುಪಿತು. ಆದರೆ ಆಮ್ಲಜನಕದ ಆಸರೆಯಲ್ಲಿರುವ ಹಸುಗೂಸು ರಸ್ತೆಯಲ್ಲೇ ಸಾಗಬೇಕು. ಸಿಲ್ಕ್ ಬೋರ್ಡ್ ವೃತ್ತದಲ್ಲಿ ನಿಂತ ಆಂಬುಲೆನ್ಸಿನೊಳಗೆ ಅದರ ಮೈ ತಣ್ಣಗಾಗುತ್ತದೆ, ಉಸಿರು ಇನ್ನಷ್ಟು ಬಳಲುತ್ತದೆ. ಆದ್ದರಿಂದ ಯಾವ ಮಗುವನ್ನು ಕಳುಹಿಸಲೇಬೇಕು, ಯಾವುದನ್ನು ಇದ್ದಲ್ಲೇ ಇರಿಸಿಕೊಂಡು ನೋಡಿಕೊಳ್ಳಬಹುದು ಎಂಬ ನಿರ್ಧಾರ ಇಲ್ಲಿ ಜೀವನ್ಮರಣದ ನಿರ್ಧಾರ.

ಮೇಲ್ನೋಟಕ್ಕೆ ಎಲ್ಲ ಶಿಶುಗಳ ಏದುಸಿರೂ ಒಂದೇ ರೀತಿ ಕಂಡರೂ ಕಾರಣಗಳು ಬೇರೆ ಬೇರೆ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ಎಂಬ ಜಾರುಪದಾರ್ಥದ ಕೊರತೆಯಿರುತ್ತದೆ. ಅದಿಲ್ಲದಿದ್ದರೆ ಪ್ರತಿ ಉಸಿರಿನ ಕೊನೆಯಲ್ಲೂ ಗಾಳಿಗೂಡುಗಳು ಕುಸಿದು ಅಂಟಿಕೊಳ್ಳುತ್ತವೆ. ಅವಧಿ ತುಂಬಿ, ಅದರಲ್ಲೂ ಹೆರಿಗೆ ನೋವು ಆರಂಭವಾಗುವ ಮೊದಲೇ ಸಿಸೇರಿಯನ್ ಮೂಲಕ ಹುಟ್ಟಿದ ಮಗುವಿನಲ್ಲಿ ಶ್ವಾಸಕೋಶದ ದ್ರವ ಬೇಗ ಹಿಂಗದೆ ಉಳಿಯಬಹುದು. ಇದು ಒಂದೆರಡು ದಿನಗಳಲ್ಲಿ ತಾನಾಗಿಯೇ ಶಮನವಾಗುವ ತೊಂದರೆ. ಗರ್ಭದಲ್ಲೇ ಮಲ ವಿಸರ್ಜಿಸಿ ಅದನ್ನು ಒಳಗೆಳೆದುಕೊಂಡ ಮಗುವಿನದು ಬೇರೆಯೇ ಕಥೆ. ನ್ಯುಮೋನಿಯಾ ಇರಬಹುದು. ಶ್ವಾಸಕೋಶ ಸೋರಿ ಎದೆಗೂಡಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಅದಾದರೆ ನಿಮಿಷಗಳಲ್ಲಿ ಸೂಜಿ ಹಾಕಿ ಗಾಳಿಯನ್ನು ಹೊರತೆಗೆಯಬೇಕು. ಒಂದಕ್ಕೆ ಕಾಯುವುದೇ ಮದ್ದು, ಇನ್ನೊಂದಕ್ಕೆ ಕಾಯುವುದೇ ಮೃತ್ಯು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ ಶೇ 31.5, ದೇಶದ ಸರಾಸರಿ ಶೇ 21.5. ಹೀಗಾಗಿ ಎರಡನೆಯ ಬಗೆಯ ಮಕ್ಕಳನ್ನು ಮೊದಲನೆಯ ಬಗೆಯವರಿಂದ ಬೇರ್ಪಡಿಸಿ ಗುರುತಿಸುವ ಅಗತ್ಯ ನಮ್ಮಲ್ಲಿ ಇನ್ನೂ ಹೆಚ್ಚು.

ಸರ್ಫ್ಯಾಕ್ಟಂಟ್ ಕೊರತೆಯೇ ಈ ಕಾಯಿಲೆಯ ಮೂಲವೆಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲೇ ತೋರಿಸಿಕೊಟ್ಟಿದ್ದರು. ಆದರೂ 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್, ಅವಧಿಗೆ ಐದಾರು ವಾರ ಮೊದಲು ಹುಟ್ಟಿ, ಎರಡು ದಿನವೂ ತುಂಬುವ ಮುನ್ನ ಇದೇ ಕಾಯಿಲೆಯಿಂದ ತೀರಿಕೊಂಡ. ಜಗತ್ತಿನ ಅತ್ಯಂತ ಶಕ್ತಿವಂತ ತಂದೆಯ ಕೈಯಲ್ಲೂ ಅಂದು ಔಷಧವಿರಲಿಲ್ಲ. 1971ರಲ್ಲಿ ನಿರಂತರ ಒತ್ತಡದ ಗಾಳಿ ನೀಡುವ ‘ಸಿಪ್ಯಾಪ್’ ವಿಧಾನ ಬಂತು; 1980ರಲ್ಲಿ ಜಪಾನಿನ ಫುಜಿವಾರಾ ಹೊರಗಿನಿಂದ ಸರ್ಫ್ಯಾಕ್ಟಂಟ್ ನೀಡಿ ಶಿಶುಗಳನ್ನು ಉಳಿಸಬಹುದೆಂದು ತೋರಿಸಿದರು. ಇಂದು ಅಂಥ ಮಗು ನಮ್ಮ ಜಿಲ್ಲಾ ಆಸ್ಪತ್ರೆಯಲ್ಲೂ ಬದುಕಬಲ್ಲದು. ಆದರೆ ಈ ಔಷಧ ದುಬಾರಿ. ಜೊತೆಗೆ ಹುಟ್ಟಿದ ಮೊದಲ ಎರಡು ಮೂರು ಗಂಟೆಗಳಲ್ಲಿ ಕೊಟ್ಟಾಗಲೇ ಹೆಚ್ಚು ಫಲಕಾರಿ. ಬೇಕಾದ ಮಗುವಿಗೆ ತಡವಾದರೂ ನಷ್ಟ, ಬೇಡದ ಮಗುವಿಗೆ ಕೊಟ್ಟರೂ ನಷ್ಟ.

ಎದೆಯ ಎಕ್ಸ್‌ರೇ ಈ ನಿರ್ಧಾರಕ್ಕೆ ಬಹುಕಾಲದ ಆಧಾರ. ಆದರೆ ಮೊದಲ ಗಂಟೆಗಳಲ್ಲಿ ದ್ರವ ಉಳಿದ ಶ್ವಾಸಕೋಶವೂ ಸರ್ಫ್ಯಾಕ್ಟಂಟ್ ಕೊರತೆಯ ಶ್ವಾಸಕೋಶವೂ ಎಕ್ಸ್‌ರೇಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಮಸುಕಾಗಿ ಕಾಣಬಹುದು. ರಾತ್ರಿ ಎರಡು ಗಂಟೆಗೆ ತಂತ್ರಜ್ಞನನ್ನು ಎಬ್ಬಿಸಿ ಕರೆತರುವ ಪಾಡು ಬೇರೆ. ಇಲ್ಲಿಯೇ ಅಲ್ಟ್ರಾಸೌಂಡ್ ನೆರವಿಗೆ ಬರುತ್ತದೆ. ಗಾಳಿ ತುಂಬಿದ ಅಂಗದೊಳಗೆ ಧ್ವನಿತರಂಗ ಹೊಗಲಾರದು, ಆದ್ದರಿಂದ ಶ್ವಾಸಕೋಶಕ್ಕೆ ಅಲ್ಟ್ರಾಸೌಂಡ್ ನಿರುಪಯುಕ್ತ ಎಂಬುದು ವೈದ್ಯಶಾಸ್ತ್ರದ ಹಳೆಯ ನಂಬಿಕೆ. ಫ್ರಾನ್ಸಿನ ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್ 1990ರ ದಶಕದಲ್ಲಿ ಈ ನಂಬಿಕೆಯನ್ನು ತಲೆಕೆಳಗು ಮಾಡಿದರು. ಗಾಳಿಯೊಳಗೆ ತರಂಗ ಹೋಗದಿದ್ದರೇನು, ಮರಳಿ ಬರುವ ಪ್ರತಿಧ್ವನಿಯ ವಿನ್ಯಾಸವೇ ಒಳಗಿನ ಸ್ಥಿತಿಯನ್ನು ಹೇಳುತ್ತದೆ ಎಂಬುದು ಅವರ ಒಳನೋಟ.

ಗಾಳಿ ತುಂಬಿದ ಆರೋಗ್ಯವಂತ ಶ್ವಾಸಕೋಶ ಪರದೆಯ ಮೇಲೆ ಸಮಾನಾಂತರವಾದ ಅಡ್ಡಗೆರೆಗಳನ್ನು ಮೂಡಿಸುತ್ತದೆ. ದ್ರವ ಸೇರಿದಂತೆ ಮೇಲಿನಿಂದ ಕೆಳಕ್ಕೆ ಇಳಿಯುವ ಲಂಬಗೆರೆಗಳು ಹೆಚ್ಚುತ್ತವೆ. ಸರ್ಫ್ಯಾಕ್ಟಂಟ್ ಕೊರತೆಯಲ್ಲಿ ಇಡೀ ಚಿತ್ರವೇ ಬೆಳ್ಳಗಾಗುತ್ತದೆ. ದ್ರವ ಹಿಂಗದ ಶ್ವಾಸಕೋಶದಲ್ಲಿ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಸ್ಪಷ್ಟವಾದ ಗಡಿಯೊಂದು ಕಾಣಿಸಬಹುದೆಂದು ಇಟಲಿಯ ಕೊಪೆಟ್ಟಿ ಮತ್ತು ಕಟ್ಟರೋಸ್ಸಿ 2007ರಲ್ಲಿ ವರದಿ ಮಾಡಿದರು. ಗಾಳಿ ಸೋರಿದ್ದರೆ ಉಸಿರಿನೊಂದಿಗೆ ಶ್ವಾಸಕೋಶ ಜಾರಾಡುವ ಚಲನೆಯೇ ಮಾಯವಾಗುತ್ತದೆ. ಪ್ರತಿ ಶ್ವಾಸಕೋಶವನ್ನು ಮೂರು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ 0ರಿಂದ 3ರವರೆಗೆ ಅಂಕ ನೀಡಿ, ಒಟ್ಟು 18ರಲ್ಲಿ ಎಷ್ಟು ಎಂದು ಎಣಿಸುವ ಪದ್ಧತಿಯನ್ನು ಪ್ಯಾರಿಸ್ ಬಳಿಯ ವೈದ್ಯರು 2015ರಲ್ಲಿ ಪ್ರಕಟಿಸಿದರು. ಯಾವ ಮಗುವಿಗೆ ಸರ್ಫ್ಯಾಕ್ಟಂಟ್ ಬೇಕಾದೀತು ಎಂಬುದನ್ನು ಈ ಅಂಕ ಮುಂಚಿತವಾಗಿಯೇ ಸೂಚಿಸಬಲ್ಲದು. ಮಕ್ಕಳ ತೀವ್ರ ನಿಗಾ ತಜ್ಞರ ಯೂರೋಪಿನ ಸಂಘ 2020ರಲ್ಲಿ ಮಾರ್ಗಸೂಚಿಯನ್ನೇ ಹೊರತಂದಿತು. ಹಸುಗೂಸಿನ ಎದೆಗೋಡೆ ತೆಳು, ಎಲುಬು ಇನ್ನೂ ಮೃದು. ಹಾಗಾಗಿ ದೊಡ್ಡವರಿಗಿಂತಲೂ ಶಿಶುಗಳಲ್ಲಿ ಚಿತ್ರ ಸ್ಪಷ್ಟ.

ಇದು ಸರ್ವರೋಗ ನಿವಾರಕವಲ್ಲ ಎಂಬುದನ್ನೂ ಹೇಳಬೇಕು. ಗಾಳಿಯ ಹಿಂದೆ ಅಡಗಿದ ಆಳದ ದೋಷ ಇದಕ್ಕೆ ಕಾಣದು. ಶ್ವಾಸಕೋಶ ಅತಿಯಾಗಿ ಉಬ್ಬಿದ್ದನ್ನು ಎಕ್ಸ್‌ರೇಯೇ ಚೆನ್ನಾಗಿ ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಚಿತ್ರ ನೋಡುವವನ ಕೈ ಮತ್ತು ಕಣ್ಣನ್ನು ಅವಲಂಬಿಸಿದೆ. ತರಬೇತಿಯಿಲ್ಲದವನ ಕೈಯಲ್ಲಿ ಅದು ಸುಳ್ಳು ಧೈರ್ಯವನ್ನೂ ಕೊಡಬಲ್ಲದು. ಸರಿಯಾಗಿ ಒರೆಸಿ ಶುಚಿಗೊಳಿಸದ ಪ್ರೋಬ್ ಒಂದು ಮಗುವಿನ ಸೋಂಕನ್ನು ಇನ್ನೊಂದಕ್ಕೆ ಒಯ್ಯಬಹುದು. ತಣ್ಣನೆಯ ಜೆಲ್ ಕೂಡ ಒಂದೂವರೆ ಕಿಲೊ ತೂಕದ ಮಗುವಿಗೆ ಹಿಂಸೆಯೇ.

ಇಷ್ಟಾದರೂ ಹೊರವಲಯದ ಸರ್ಕಾರಿ ಶಿಶು ಆರೈಕೆ ಘಟಕಗಳಲ್ಲಿ ಈ ಯಂತ್ರ ವೈದ್ಯರ ಕೈಗೆಟುಕಲು ಅಡ್ಡಿಯೇನು? ಹಣವೊಂದೇ ಅಲ್ಲ. ಇನ್ನೊಂದು ಅಡ್ಡಿ ನಾವು ಸದುದ್ದೇಶದಿಂದಲೇ ಕಟ್ಟಿಕೊಂಡ ಗೋಡೆ: ಲಿಂಗಪತ್ತೆ ನಿಷೇಧ ಕಾನೂನು. 1994ರಲ್ಲಿ ರೂಪುಗೊಂಡು 1996ರಲ್ಲಿ ಜಾರಿಗೆ ಬಂದು 2003ರಲ್ಲಿ ಇನ್ನಷ್ಟು ಬಿಗಿಯಾದ ಈ ಕಾಯ್ದೆಯಡಿ, ಭ್ರೂಣದ ಲಿಂಗವನ್ನು ಪತ್ತೆ ಮಾಡಬಲ್ಲ ಯಾವ ಯಂತ್ರವನ್ನೂ ನೋಂದಣಿಯಿಲ್ಲದ ಸಂಸ್ಥೆಗೆ ಮಾರುವಂತಿಲ್ಲ. 2012ರ ತಿದ್ದುಪಡಿಯ ಪ್ರಕಾರ ಕೈಯಲ್ಲಿ ಒಯ್ಯಬಹುದಾದ ಯಂತ್ರವನ್ನು ನೋಂದಾಯಿತ ಆವರಣದೊಳಗಿನ ಒಳರೋಗಿಗಳಿಗೆ ಅಥವಾ ಬಹುಸೇವೆ ನೀಡುವ ಸಂಚಾರಿ ಘಟಕದಲ್ಲಿ ಮಾತ್ರ ಬಳಸಬಹುದು. ಒಬ್ಬ ವೈದ್ಯ ಒಂದು ಜಿಲ್ಲೆಯಲ್ಲಿ ಎರಡಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ಸ್ಕ್ಯಾನಿಂಗ್ ಮಾಡುವಂತಿಲ್ಲ. 2014ರ ನಿಯಮಗಳು ಎಂಬಿಬಿಎಸ್ ವೈದ್ಯರಿಗೆ ಆರು ತಿಂಗಳ ತರಬೇತಿಯನ್ನು ವಿಧಿಸಿದವು. ದೆಹಲಿ ಹೈಕೋರ್ಟ್ 2016ರಲ್ಲಿ ಆ ನಿಯಮವನ್ನು ಅಸಿಂಧುಗೊಳಿಸಿದರೂ ಸುಪ್ರೀಂ ಕೋರ್ಟ್ 2018ರಲ್ಲಿ ಆ ತೀರ್ಪಿಗೆ ತಡೆ ನೀಡಿತು. ಗಮನಿಸಬೇಕಾದ ಅಂಶವೆಂದರೆ ಈ ತರಬೇತಿ ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನಿಂಗಿಗೆ ಸಂಬಂಧಿಸಿದ್ದು. ನವಜಾತ ಶಿಶುವಿನ ಎದೆಯನ್ನಷ್ಟೇ ನೋಡಬಯಸುವ ಮಕ್ಕಳ ವೈದ್ಯ ಕಾನೂನಿನ ಕಲ್ಪನೆಯಲ್ಲೇ ಇರಲಿಲ್ಲ.

ಅಪರಾಧದ ದಂಡನೆಯೂ ಕಠಿಣ: ಮೊದಲ ಬಾರಿಗೆ ಮೂರು ವರ್ಷ, ಮರುಕಳಿಸಿದರೆ ಐದು ವರ್ಷದವರೆಗೆ ಸೆರೆವಾಸ. ಗರ್ಭಿಣಿಯರ ಸ್ಕ್ಯಾನಿಂಗ್ ದಾಖಲೆಗಳಲ್ಲಿನ ಲೋಪವನ್ನೂ ಅಪರಾಧವೆಂದೇ ಪರಿಗಣಿಸುವ ವಿಧಿಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು. ಹೀಗಿರುವಾಗ ಸಣ್ಣ ಆಸ್ಪತ್ರೆಯ ಆಡಳಿತ ತನ್ನ ಒಂದೇ ಯಂತ್ರವನ್ನು ಸ್ಕ್ಯಾನಿಂಗ್ ಕೊಠಡಿಯಲ್ಲಿಟ್ಟು ಬೀಗ ಹಾಕುವುದು ಸಹಜ. ರೇಡಿಯಾಲಜಿ ತಜ್ಞರು ಸಂಜೆ ಮನೆಗೆ ಹೋಗುತ್ತಾರೆ. ಮಕ್ಕಳು ಹುಟ್ಟುವುದಕ್ಕೆ ಹೊತ್ತುಗೊತ್ತಿಲ್ಲ.

ಹಾಗೆಂದು ಕಾನೂನನ್ನು ಸಡಿಲಿಸಿ ಎಂದು ಕೇಳುವುದು ಅಪಾಯಕಾರಿ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲವನ್ನು ಯಾರೂ ಮರೆತಿಲ್ಲ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ನಡೆಸಲಾಗುತ್ತಿತ್ತು, ಮೂರು ವರ್ಷಗಳಲ್ಲಿ ನೂರಾರು ಹೆಣ್ಣು ಭ್ರೂಣಗಳನ್ನು ಇಲ್ಲವಾಗಿಸಲಾಯಿತು ಎಂಬುದು ಪೊಲೀಸರ ಆರೋಪ. ಪ್ರಕರಣದ ತನಿಖೆ ಸಿಐಡಿಗೆ ಹೋಯಿತು. ಬೆಲ್ಲ ಬೇಯುವ ಮನೆಯಲ್ಲಿ ಇಂಥ ಕೃತ್ಯ ನಡೆಯಬಹುದಾದ ನಾಡಿನಲ್ಲಿ, ಕೈಚೀಲದಲ್ಲಿ ಹಿಡಿಸುವ ಯಂತ್ರದ ಬಗ್ಗೆ ಸಂಶಯ ಪಡುವ ಅಧಿಕಾರಿಯನ್ನು ದೂರಲಾಗದು. ಕಾನೂನಿನ ಭಯ ನ್ಯಾಯಯುತವಾದುದೇ. ಆದರೆ ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವುದು ವಿವೇಕವಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸರ್ಕಾರಿ ವಿಶೇಷ ನವಜಾತ ಶಿಶು ಆರೈಕೆ ಘಟಕಗಳಿಗೆ ದಾಖಲಾಗುವ ಹೆಣ್ಣು ಶಿಶುಗಳ ಸಂಖ್ಯೆ ಗಂಡು ಶಿಶುಗಳಿಗಿಂತ ಕಡಿಮೆಯೆಂದು ಯುನಿಸೆಫ್ 2018ರಲ್ಲಿ ಎಚ್ಚರಿಸಿತ್ತು. ಗಂಡು ಶಿಶುಗಳಲ್ಲಿ ಉಸಿರಾಟದ ತೊಂದರೆ ಸ್ವಾಭಾವಿಕವಾಗಿಯೇ ತುಸು ಹೆಚ್ಚು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ದೂರದ ಆಸ್ಪತ್ರೆಗೆ ಸಾಲ ಮಾಡಿ ಹೆಣ್ಣು ಕೂಸನ್ನು ಒಯ್ಯಲು ಹಿಂಜರಿಯುವ ಮನಸ್ಸು ನಮ್ಮ ನಡುವೆ ಇಲ್ಲವೆನ್ನಲಾದೀತೇ? ಮಗು ಹುಟ್ಟಿದ ಕಡೆಯಲ್ಲೇ ರೋಗನಿರ್ಣಯ, ಚಿಕಿತ್ಸೆ ದೊರೆತರೆ ಆ ಹಿಂಜರಿಕೆಗೆ ಅವಕಾಶವೇ ಇರುವುದಿಲ್ಲ. ಗರ್ಭದೊಳಗಿನ ಹೆಣ್ಣನ್ನು ಕಾಯಲು ಬೀಗ ಹಾಕಿದ ಯಂತ್ರ, ಗರ್ಭದಿಂದ ಹೊರಬಂದ ಹೆಣ್ಣನ್ನು ಉಳಿಸಲು ತೆರೆದುಕೊಳ್ಳಬೇಕು. ಎರಡೂ ಒಂದೇ ಉದ್ದೇಶದ ಎರಡು ಮುಖಗಳು.

ಇದಕ್ಕೆ ದಾರಿಗಳಿಲ್ಲದಿಲ್ಲ. ಮೊದಲನೆಯದಾಗಿ, ಶಿಶು ಆರೈಕೆ ಘಟಕದ ಯಂತ್ರಕ್ಕೆ ಪ್ರತ್ಯೇಕ ನೋಂದಣಿ ವರ್ಗವೊಂದನ್ನು ನಿಯಮಗಳಲ್ಲೇ ಕಲ್ಪಿಸಬೇಕು. ಅದು ಘಟಕದಿಂದ ಹೊರಹೋಗದಂತೆ, ಅಲ್ಲಿಗೆ ಗರ್ಭಿಣಿಯರ ಪ್ರವೇಶವಿಲ್ಲದಂತೆ, ಪ್ರತಿ ಬಳಕೆಯೂ ಶಿಶುವಿನ ದಾಖಲೆ ಸಂಖ್ಯೆಯೊಂದಿಗೆ ನೋಂದಾಗುವಂತೆ ಷರತ್ತು ವಿಧಿಸಲಿ. ನಿಯಮ ಬದಲಿಸುವುದು ಕೇಂದ್ರದ ಕೈಯಲ್ಲಿದೆ. ಆದರೆ ಈಗಿನ ಚೌಕಟ್ಟಿನಲ್ಲೇ ಘಟಕದ ಯಂತ್ರಗಳನ್ನು ತ್ವರಿತವಾಗಿ ನೋಂದಾಯಿಸಿಕೊಡುವಂತೆ ಜಿಲ್ಲಾ ಸಕ್ಷಮ ಪ್ರಾಧಿಕಾರಗಳಿಗೆ ಸೂಚಿಸಲು ರಾಜ್ಯ ಸರ್ಕಾರ ಯಾರಿಗೂ ಕಾಯಬೇಕಿಲ್ಲ.

ಎರಡನೆಯದು ಎಂಜಿನಿಯರರಿಗೆ ಸೇರಿದ್ದು. ಶಿಶುವಿನ ಎದೆ ನೋಡಲು ಬೇಕಾದ ಹೆಚ್ಚು ಕಂಪನಾಂಕದ ಪ್ರೋಬ್ ಕೆಲವೇ ಸೆಂಟಿಮೀಟರ್ ಆಳವನ್ನು ಕಾಣುತ್ತದೆ. ಗರ್ಭದ ಪರೀಕ್ಷೆಗೆ ಬಳಸುವುದು ಕಡಿಮೆ ಕಂಪನಾಂಕದ ಬೇರೆ ಪ್ರೋಬ್. ಬೇರೆ ಪ್ರೋಬ್ ಜೋಡಿಸಲು ಆಗದಂಥ, ಆಳವನ್ನು ತಂತ್ರಾಂಶದಲ್ಲೇ ಮಿತಿಗೊಳಿಸಿದ, ತೆಗೆದ ಪ್ರತಿ ಚಿತ್ರವನ್ನೂ ಅಳಿಸಲಾಗದಂತೆ ಉಳಿಸಿಕೊಳ್ಳುವ ಯಂತ್ರವನ್ನು ರೂಪಿಸುವುದು ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಪ್ರತಿಭೆಗೆ ಅಸಾಧ್ಯವೇ? ತೆರಿಗೆ ರಿಯಾಯಿತಿ, ಭೂಮಿ, ಪ್ರೋತ್ಸಾಹಧನ ಪಡೆದ ಉದ್ಯಮಗಳಿಂದ ಸರ್ಕಾರ ಇಷ್ಟನ್ನಾದರೂ ಕೇಳಬಹುದು.

ಮೂರನೆಯದು ತರಬೇತಿ. ಯಂತ್ರ ಖರೀದಿಯ ಉತ್ಸಾಹ ನಮ್ಮಲ್ಲಿ ಎಂದೂ ಕಡಿಮೆಯಿಲ್ಲ. ಖರೀದಿಸಿದ್ದು ಪ್ಲಾಸ್ಟಿಕ್ ಹೊದಿಕೆಯೊಳಗೆ ದೂಳು ಹಿಡಿಯುವುದೂ ಹೊಸತಲ್ಲ. ವಾಣಿವಿಲಾಸ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೇಂಟ್ ಜಾನ್ಸ್‌ನಂಥ ಬೋಧನಾ ಆಸ್ಪತ್ರೆಗಳು ಆನೇಕಲ್, ಹೊಸಕೋಟೆ, ನೆಲಮಂಗಲ, ಕೆ.ಆರ್. ಪುರದಂಥ ಕಡೆಗಳ ಮಕ್ಕಳ ವೈದ್ಯರಿಗೆ ಕಲಿಸಿ, ಆರಂಭದ ಕೆಲವು ತಿಂಗಳು ಅವರ ಚಿತ್ರಗಳನ್ನು ದೂರದಿಂದಲೇ ಪರಿಶೀಲಿಸುವ ವ್ಯವಸ್ಥೆ ಬೇಕು. ವೈದ್ಯರ ವರ್ಗಾವಣೆಯೊಂದಿಗೆ ಕಲಿಕೆಯೂ ವರ್ಗವಾಗಿ ಹೋಗದಂತೆ ಪ್ರತಿ ಘಟಕದಲ್ಲೂ ಕನಿಷ್ಠ ಇಬ್ಬರು ಬಲ್ಲವರಿರಬೇಕು.

ನಾಲ್ಕನೆಯದಾಗಿ, ಉತ್ತರ ಸಿಕ್ಕ ಮೇಲೆ ಚಿಕಿತ್ಸೆಯೂ ಅಲ್ಲಿಯೇ ಸಿಗಬೇಕು. ಸರ್ಫ್ಯಾಕ್ಟಂಟ್ ಇಲ್ಲದ, ಸಿಪ್ಯಾಪ್ ಕೆಟ್ಟು ಕೂತ, ರಾತ್ರಿ ಪಾಳಿಯಲ್ಲಿ ಹತ್ತು ಮಕ್ಕಳಿಗೊಬ್ಬ ದಾದಿಯಿರುವ ಘಟಕದಲ್ಲಿ ಅಲ್ಟ್ರಾಸೌಂಡ್ ಮಾಡುವುದು ಸಂಕಟವನ್ನು ಬಣ್ಣಿಸುವ ಕೆಲಸವಷ್ಟೇ ಆದೀತು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಕಾಯಿಲೆಬಿದ್ದ ನವಜಾತ ಶಿಶುವಿಗೆ ಉಚಿತ ಔಷಧ, ತಪಾಸಣೆ, ಸಾಗಾಟದ ಭರವಸೆ ನೀಡಿತು. ಆ ಭರವಸೆಯಲ್ಲಿ ಗುತ್ತಿಗೆ ಕಾರ್ಮಿಕ, ಕಾಯಂ ಕಾರ್ಮಿಕ ಎಂಬ ಭೇದವಿರಲಿಲ್ಲ. ಕೈಗಾರಿಕಾ ಪ್ರದೇಶಗಳ ಇಎಸ್‌ಐ ಆಸ್ಪತ್ರೆಗಳು ವಿಮೆಯಿಲ್ಲದ ಕೂಸಿಗೂ ಮೊದಲ ಗಂಟೆಗಳ ಆರೈಕೆ ನೀಡಿ, ವೆಚ್ಚವನ್ನು ರಾಜ್ಯ ಸರ್ಕಾರ ತುಂಬಿಕೊಡುವ ಒಪ್ಪಂದ ಏಕಾಗಬಾರದು?

ಇಷ್ಟೊಂದು ಸಣ್ಣ ಸಂಖ್ಯೆಯ ಮಕ್ಕಳಿಗಾಗಿ ಇಷ್ಟೆಲ್ಲ ಬೇಕೇ ಎಂದು ಕೇಳುವವರಿರಬಹುದು. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2020ರಲ್ಲಿ ಕರ್ನಾಟಕದ ಶಿಶುಮರಣ ಪ್ರಮಾಣ ಸಾವಿರಕ್ಕೆ 19ಕ್ಕೆ ಇಳಿದಿತ್ತು. ಇದು ಹೆಮ್ಮೆಯ ಸಂಗತಿ. ಲಸಿಕೆ, ಆಸ್ಪತ್ರೆ ಹೆರಿಗೆ, ಆಶಾ ಕಾರ್ಯಕರ್ತೆಯರ ದುಡಿಮೆಯ ಫಲ. ಆದರೆ ಉಳಿದ ಸಾವುಗಳಲ್ಲಿ ದೊಡ್ಡ ಪಾಲು ಮೊದಲ ತಿಂಗಳಿಗೆ, ಅದರಲ್ಲೂ ಮೊದಲ ವಾರಕ್ಕೆ ಸೇರಿದ್ದು. ಸುಲಭವಾಗಿ ತಡೆಯಬಹುದಾದ ಸಾವುಗಳನ್ನು ತಡೆದಾಯಿತು. ಇನ್ನು ಮುಂದಿನ ಪ್ರತಿ ಮೆಟ್ಟಿಲೂ ಕಡಿದು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಉಸಿರನ್ನು ಮೊದಲ ಮೂರು ಗಂಟೆಗಳಲ್ಲಿ ಕಾಪಾಡದೆ ಆ ಮೆಟ್ಟಿಲನ್ನು ಹತ್ತಲಾಗದು.

ಬೆಂಗಳೂರಿಗೆ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಾದವು. ಸುರಂಗ ರಸ್ತೆ, ವರ್ತುಲ ರಸ್ತೆಗಳ ಚರ್ಚೆ ಬಿರುಸಾಗಿದೆ. ಹೊಸ ಆಡಳಿತದ ಆದ್ಯತೆಗಳ ಪಟ್ಟಿಯಲ್ಲಿ ಈ ವಿಷಯಕ್ಕೂ ಒಂದು ಸಾಲು ಸಿಗಲಿ: ಹೊರವಲಯದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಹುಟ್ಟಿದ ಮಗುವಿನ ಏದುಸಿರಿಗೆ ಕಾರಣ ಹೇಳಬಲ್ಲವರಿದ್ದಾರೆ, ಯಾವುದರಲ್ಲಿ ಇಲ್ಲ ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಜನರ ಮುಂದಿಡಲಿ. ಜಗತ್ತಿಗೆ ಯಂತ್ರ ತಯಾರಿಸಿ ಕೊಡುವ ಊರು, ಆ ಕಾರ್ಖಾನೆಗಳ ಸುತ್ತ ಬೆವರು ಸುರಿಸುವವರ ಕೂಸಿಗೆ ಅದನ್ನು ನಿರಾಕರಿಸುವ ಸ್ಥಿತಿ ಮುಂದುವರಿಯಲು ಸಮರ್ಥನೆಯೇನೂ ಇಲ್ಲ.